ತಪ್ಪಾದರೂ ನಿಂತ ಹೆಸರು

ವ್ಯಾಕರಣ ಓದಿದವರಿಗೆ ಅನ್ವರ್ಥನಾಮ, ರೂಢನಾಮಗಳ ಭೇದ ತಿಳಿದೇ ಇದೆ. ಅನ್ವರ್ಥವಾಗಲೆಂದು ಇಟ್ಟ ಹೆಸರು, ತಪ್ಪೆಂದು ಗೊತ್ತಾದ ಮೇಲೂ ರೂಢಿಯಾಗಿ ಉಳಿದ ಪ್ರಸಂಗವೊಂದು ರಸಾಯನಶಾಸ್ತ್ರದಲ್ಲಿದೆ. ಕಿಟಕಿಯ ಗಾಜಿನ ಸಂದಿಗೆ ಬಳಿಯುವ, ಈಗ ಅಚ್ಚುಗಳಾಗಿ ಅಡುಗೆಮನೆಯನ್ನೂ ಹೊಕ್ಕಿರುವ ‘ಸಿಲಿಕೋನ್’ ಎಂಬುದೇ ಆ ಹೆಸರು.

ಅದನ್ನಿಟ್ಟವರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಪ್ರಾಧ್ಯಾಪಕರಾಗಿದ್ದ ಫ್ರೆಡರಿಕ್ ಸ್ಟ್ಯಾನ್ಲಿ ಕಿಪ್ಪಿಂಗ್ (1863–1949). ಮೂಲವಸ್ತುಗಳ ಕೋಷ್ಟಕದಲ್ಲಿ ಇಂಗಾಲದ ಕೆಳಗಿನ ಮನೆ ಸಿಲಿಕಾನಿನದು. ಕೀಟೋನ್ ಎಂಬ ವಸ್ತುಗಳಲ್ಲಿ ಇಂಗಾಲಕ್ಕೆ ಆಮ್ಲಜನಕವು ಎರಡೆಳೆಯ ಗಂಟಿನಿಂದ, ಅಂದರೆ ದ್ವಿಬಂಧದಿಂದ, ಕೂಡಿರುತ್ತದೆ. ಸಿಲಿಕಾನಿನಲ್ಲಿಯೂ ಅಂಥದೇ ದೊರೆಯಿತೆಂದೆಣಿಸಿ, 20ನೆಯ ಶತಮಾನದ ಆರಂಭದಲ್ಲಿ ಅವರು ಎರಡು ಹೆಸರುಗಳನ್ನೂ ಬೆಸೆದರು. ಸಂಧಿಕಾರ್ಯವೇನೋ ಚೆನ್ನಾಗಿಯೇ ಆಯಿತು. ಪದಾರ್ಥ ಮಾತ್ರ ಹೆಸರಿಗೆ ಒಪ್ಪಲಿಲ್ಲ. ಹರಳಾಗಬೇಕಾದದ್ದು ಎಷ್ಟೋ ಸಲ ಪಾತ್ರೆಯ ತಳದಲ್ಲಿ ಅಂಟಾಗಿ ನಿಂತಿತು.

ಕಾರಣವನ್ನು ಹೀಗೆ ನೋಡಿ. ನಾವು ಹೊರಬಿಡುವ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಬಿಡಿಬಿಡಿ ಅಣುಗಳ ಅನಿಲ. ಅದೇ ಲೆಕ್ಕದಲ್ಲಿ ಆಮ್ಲಜನಕ ಕೂಡಿದ ಸಿಲಿಕಾನ್ ಡೈಆಕ್ಸೈಡಾದರೋ ಬೆಣಚುಕಲ್ಲು, ಹೊಳೆಯ ಮರಳು! ಸಿಲಿಕಾನಿನ ಪರಮಾಣು ದೊಡ್ಡದು. ದ್ವಿಬಂಧದ ಎರಡನೆಯ ಎಳೆ ಅದಕ್ಕೆ ಸಡಿಲ. ಆದುದರಿಂದ ಒಂದೇ ಆಮ್ಲಜನಕವನ್ನು ಎರಡು ಕೈಯಲ್ಲಿ ಹಿಡಿಯುವ ಬದಲು, ಎಡಕ್ಕೊಂದು ಬಲಕ್ಕೊಂದು ಹಿಡಿದು ಸಾಲುಗಟ್ಟುತ್ತದೆ. ಕಿಪ್ಪಿಂಗರ ಅಂಟು ಇಂಥ ಸರಪಳಿ.

ತಮ್ಮ ಹೆಸರು ಸಲ್ಲದೆಂಬುದು ಅವರಿಗೂ ತಿಳಿಯಿತು. ಆದರೆ ಅಂಟಿನ ಬೆಲೆ ತಿಳಿಯಲಿಲ್ಲ. 1937ರಲ್ಲಿ ಅಚ್ಚಾದ ಬೇಕೇರಿಯನ್ ಉಪನ್ಯಾಸದಲ್ಲಿ, ಈ ವಿಭಾಗದಲ್ಲಿ ಸದ್ಯಕ್ಕೆ ಮಹತ್ತರ ಪ್ರಗತಿಯ ಆಶೆ ಹೆಚ್ಚಿಲ್ಲವೆಂದೇ ಅವರು ಹೇಳಿದರು. ಮೂರೇ ವರ್ಷ! 1940ರ ಮೇ ತಿಂಗಳಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಯೂಜೀನ್ ರೋಕೋ, ತಾಮ್ರ ಬೆರೆಸಿ ಕಾಯಿಸಿದ ಸಿಲಿಕಾನಿನ ಮೇಲೆ ಮೀಥೈಲ್ ಕ್ಲೋರೈಡ್ ಅನಿಲವನ್ನು ಹಾಯಿಸಿ, ಸಿಲಿಕೋನಿಗೆ ಬೇಕಾದ ಮೂಲದ್ರವ್ಯವನ್ನು ನೇರವಾಗಿ ಪಡೆದರು. ಅದಕ್ಕೆ ನೀರು ಸೋಕಿಸಿದರೆ ಸರಪಳಿ ತಾನೇ ಬೆಳೆಯುತ್ತದೆ. ಸಿಲಿಕಾನ್–ಆಮ್ಲಜನಕಗಳ ಗಟ್ಟಿ ಬೆನ್ನೆಲುಬು ಬಿಸಿಯನ್ನು ತಾಳುತ್ತದೆ. ಹೊರಗೆ ಚಾಚಿದ ಮೀಥೈಲ್ ಗುಂಪುಗಳು ನೀರನ್ನು ಒಳಬಿಡವು. ಅಂಟೇ ಉದ್ಯಮವಾಯಿತು, ಹಳೆಯ ಹೆಸರೇ ಅದರ ಮೇಲೆ ನಿಂತಿತು.

ಇನ್ನು ಸಿಲಿಕಾನಿಗೆ ದ್ವಿಬಂಧವೇ ಒಗ್ಗದೆಂದು ಬಹುಕಾಲ ನಂಬಿದ್ದರಷ್ಟೆ. 1981ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಾಬರ್ಟ್ ವೆಸ್ಟ್ ಮತ್ತು ಸಂಗಡಿಗರು, ಸಿಲಿಕಾನಿಗೆ ಸಿಲಿಕಾನೇ ದ್ವಿಬಂಧದಿಂದ ಕೂಡಿದ ವಸ್ತುವನ್ನು ಹರಳಾಗಿಯೇ ತೆಗೆದರು. ಸುತ್ತಲೂ ದಪ್ಪನೆಯ ಅಣುಗುಂಪುಗಳನ್ನು ಬೇಲಿಯಂತೆ ನಿಲ್ಲಿಸಿ, ಒಂದು ಜೋಡಿ ಮತ್ತೊಂದನ್ನು ಮುಟ್ಟಿ ಸಾಲುಗಟ್ಟದಂತೆ ತಡೆದುದೇ ಅವರ ಉಪಾಯ. ಕಿತ್ತಳೆ–ಹಳದಿ ಬಣ್ಣದ ಆ ಹರಳುಗಳನ್ನು ಗಾಳಿ ಸೋಕದಂತೆ ಕಾಪಾಡಬೇಕು.