ವಿಡಿಯೊ ಚಿಪ್‌ಗೆ ಕರ್ನಲ್‌ನಲ್ಲೇ ಒಪ್ಪಂದ ಬೇಕು

ಕಂಪನಿಯ ಆಂಡ್ರಾಯ್ಡ್ ಇದ್ದಾಗ ಸಲೀಸಾಗಿ ಸಿನಿಮಾ ತೋರಿಸುತ್ತಿದ್ದ ಅಗ್ಗದ ಟಿವಿ ಬಾಕ್ಸು, ಹೊಸ ಲಿನಕ್ಸ್ ಹಾಕಿದೊಡನೆ ಯಾಕೆ ತಡವರಿಸುತ್ತದೆ, ಯಾಕೆ ಬಿಸಿಯೇರುತ್ತದೆ ಎಂದು ಹಲವರು ಕೇಳುತ್ತಾರೆ. ಚಿಪ್ ಕೆಟ್ಟಿರುವುದಿಲ್ಲ. ಒತ್ತಿ ಕಿರಿದಾಗಿಸಿದ ವಿಡಿಯೊ ಬಿಚ್ಚುವುದಕ್ಕೆಂದೇ ಅದರಲ್ಲಿರುವ ಸರ್ಕ್ಯೂಟನ್ನು ನಡೆಸುವ ಡ್ರೈವರ್ ಕಂಪನಿಯ ಹಳೆಯ ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿಗೆ, ಮಾತ್ರ ಒಗ್ಗಿರುತ್ತದೆ. ಹೊಸದರಲ್ಲಿ ಅದು ಓಡದಾಗ ಇಡೀ ಹೊರೆ ಪ್ರೊಸೆಸರ್ ಮೇಲೆ ಬೀಳುತ್ತದೆ. 1920×1080ರ ಒಂದು ಚಿತ್ರ ಬಿಚ್ಚಿದರೆ ಸುಮಾರು 3.1 ಎಂಬಿ. ಸೆಕೆಂಡಿಗೆ 30 ಚಿತ್ರವೆಂದರೆ 93 ಎಂಬಿ.

ಪ್ರೊಸೆಸರ್ ಈ ಹೊರೆ ಹೊರಲಾರದೇ? ಹೊರಬಲ್ಲದು, ಅದಕ್ಕೆ ಬೆಂಗಳೂರೇ ಸಾಕ್ಷಿ. 2001ರಲ್ಲಿ ಶುರುವಾದ ಇಟ್ಟಿಯಮ್ ಸಿಸ್ಟಮ್ಸ್ ಬರೆದ, ಎಚ್‌ಇವಿಸಿ ಎಂಬ ನಮೂನೆಯ ವಿಡಿಯೊ ಬಿಚ್ಚುವ ಡಿಕೋಡರ್ 2014ರ ಆಂಡ್ರಾಯ್ಡ್ 5.0ರೊಳಗೆ ಸೇರಿತು. ಅದು ಯಾವ ಚಿಪ್ಪಿನ ವಿಡಿಯೊ ಸರ್ಕ್ಯೂಟನ್ನೂ ಮುಟ್ಟದ ಶುದ್ಧ ಸಾಫ್ಟ್‌ವೇರ್ ಆಗಿದ್ದರಿಂದಲೇ ಬಗೆಬಗೆಯ ಫೋನುಗಳಲ್ಲಿ ಓಡಿತು. ಒಳ್ಳೆಯ ಕೆಲಸ, ನಿಜ. ಆದರೆ ಅದೇ ಕೆಲಸವನ್ನು ಸರ್ಕ್ಯೂಟು ಬಹಳ ಕಡಿಮೆ ಬ್ಯಾಟರಿಯಲ್ಲಿ ಮುಗಿಸುತ್ತದೆ. ಸಾಫ್ಟ್‌ವೇರಿಗೆ ಸಿಕ್ಕ ಈ ಸಲೀಸು ಸರ್ಕ್ಯೂಟಿಗೂ ಸಿಗಬೇಕು. ಆಂಡ್ರಾಯ್ಡ್ ಮೇಲಿನ ಪದರದಲ್ಲಿ ಏಕರೂಪ ತಂದರೂ ಕೆಳಗಿನ ಡ್ರೈವರನ್ನು ಒಬ್ಬೊಬ್ಬ ಚಿಪ್ ತಯಾರಕನ ಇಷ್ಟಕ್ಕೆ ಬಿಟ್ಟಿತು.

ಲಿನಕ್ಸ್ ಕರ್ನಲ್‌ನಲ್ಲಿ ಕಷ್ಟ ಎಲ್ಲಿತ್ತೆಂದರೆ, ಆಲ್‌ವಿನ್ನರ್, ರಾಕ್‌ಚಿಪ್‌ಗಳಂಥ ಅಗ್ಗದ ಚಿಪ್ಪುಗಳ ವಿಡಿಯೊ ಸರ್ಕ್ಯೂಟಿಗೆ ನೆನಪೇ ಇಲ್ಲ. ಮಾಸೂರಿನ ಮದಗದ ಕೆರೆಯಂಥ ದೊಡ್ಡ ಕೆರೆಯ ತೂಬಿಗೆ ಯಾರ ಗದ್ದೆಗೆ ಎಷ್ಟು ನೀರು ಹೋಯಿತೆಂದು ಗೊತ್ತಿರುವುದಿಲ್ಲ, ಲೆಕ್ಕವೆಲ್ಲ ನೀರುಗಂಟಿಯ ತಲೆಯಲ್ಲಿ. ಹಾಗೆಯೇ ಇಲ್ಲಿ ಹಿಂದಿನ ಯಾವ ಚಿತ್ರವನ್ನು ನೋಡಿ ಈಗಿನದನ್ನು ಕಟ್ಟಬೇಕೆಂಬ ಲೆಕ್ಕ ಸಾಫ್ಟ್‌ವೇರಿನದು. ಪ್ರತಿ ಚಿತ್ರಕ್ಕೂ ಅದನ್ನು ಹೊಸದಾಗಿ ಹೇಳಬೇಕು. ಚಿತ್ರವನ್ನೂ ಅದರ ಲೆಕ್ಕವನ್ನೂ ಜೊತೆಗೂಡಿಸಿ ಕಳಿಸುವ ರಿಕ್ವೆಸ್ಟ್ ಎಪಿಐ 2018ರ ಡಿಸೆಂಬರ್‌ನಲ್ಲಿ ಬಂದ 4.20 ಕರ್ನಲ್‌ಗೆ ಸೇರಿತು. ಆಲ್‌ವಿನ್ನರ್ ಚಿಪ್ಪುಗಳ ಸೀಡ್ರಸ್ ಡ್ರೈವರ್ ಕೂಡ ಅದರಲ್ಲೇ ಬಂತು. ಫ್ರಾನ್ಸಿನ ಬೂಟ್‌ಲಿನ್ ಕಂಪನಿ ಅದಕ್ಕಾಗಿ ಅದೇ ವರ್ಷ ಜನರಿಂದ ಚಂದಾ ಎತ್ತಿತ್ತು. ಚಿಪ್ ಮಾರಿದವರು ಮಾಡಬೇಕಾದ್ದನ್ನು ಬಳಕೆದಾರರು ದುಡ್ಡು ಕೊಟ್ಟು ಮಾಡಿಸಿಕೊಂಡರು.

ಇದೆಲ್ಲ ತೀರಾ ನಿಧಾನ ಎಂಬ ದೂರಿದೆ. ಎಚ್.264 ನಮೂನೆಯ ವಿಡಿಯೊಗೆ ಈ ಲೆಕ್ಕ ಹೇಳುವ ವಿಧಾನ ಪ್ರಯೋಗದ ಹಂತ ದಾಟಿ ಸ್ಥಿರವಾದದ್ದು 2021ರ 5.11ರಲ್ಲಿ. ಆದರೆ ಲಿನಕ್ಸ್‌ನಲ್ಲಿ ಒಮ್ಮೆ ಸ್ಥಿರವೆಂದು ಒಪ್ಪಿದ್ದನ್ನು ಅಪ್ಲಿಕೇಶನ್‌ಗಳು ಮುರಿಯುವಂತೆ ಬದಲಿಸುವಂತಿಲ್ಲ. ಅವಸರದಲ್ಲಿ ಒಪ್ಪಿದ ತಪ್ಪನ್ನು ಎಂದೆಂದಿಗೂ ಹೊರಬೇಕಾಗುತ್ತದೆ. ಗ್ರಾಫಿಕ್ಸ್ ಡ್ರೈವರ್ ಮೂಲಕವೇ ವಿಡಿಯೊ ಬಿಚ್ಚಿಸುವ, 2022ರಲ್ಲಿ ಅಂತಿಮಗೊಂಡ ವಲ್ಕನ್ ವಿಡಿಯೊ ಇರುವಾಗ ಇದೇಕೆ ಎನ್ನುವವರೂ ಇದ್ದಾರೆ. ಜಿಪಿಯು ಮತ್ತು ವಿಡಿಯೊ ಸರ್ಕ್ಯೂಟು ಒಬ್ಬನೇ ತಯಾರಕನದಾದರೆ ಆ ಮಾತು ಸರಿ. ರಾಕ್‌ಚಿಪ್‌ನ ಹಲವು ಚಿಪ್ಪುಗಳಲ್ಲಿ ಜಿಪಿಯು ಆರ್ಮ್‌ನ ಮಾಲಿ, ವಿಡಿಯೊ ಸರ್ಕ್ಯೂಟು ಹ್ಯಾಂಟ್ರೊ ಎಂಬ ಬೇರೆಯ ವಿನ್ಯಾಸ. ಗ್ರಾಫಿಕ್ಸ್ ಡ್ರೈವರ್ ಇಲ್ಲಿ ಬೇರೆಯವರ ಸರ್ಕ್ಯೂಟನ್ನು ನಡೆಸಲಾರದು. ಕರ್ನಲ್ ಪದರದಲ್ಲಿ ಒಪ್ಪಂದವಾದ ಮೇಲೆ ವಿಡಿಯೊ ನುಡಿಸುವ ಜಿಸ್ಟ್ರೀಮರ್ ಸಾಫ್ಟ್‌ವೇರಿನ ಒಂದೇ ಪ್ಲಗಿನ್ ಆಲ್‌ವಿನ್ನರ್‌ಗೂ ರಾಕ್‌ಚಿಪ್‌ಗೂ ನಡೆಯುತ್ತಿದೆ, 2023ರ 6.5 ಕರ್ನಲ್‌ನಲ್ಲಿ ಎವಿ1 ಎಂಬ ಹೊಸ ನಮೂನೆ ಬಂದಾಗಲೂ ರಿಕ್ವೆಸ್ಟ್ ಎಪಿಐಯೇ ಸಾಕಾಯಿತು.