ಕುದುರೆ, ಮಣ್ಣೆತ್ತು ಮತ್ತು ಮನಸ್ಸಿನ ಬೇನೆ

ಭತ್ತ ಕೊಯ್ದ ಮೇಲೆ ಸಿಂಧನೂರು ಸೀಮೆಯ ಗದ್ದೆಗಳಿಗೆ ಕುರಿಗಾರರು ಬರುತ್ತಾರೆ. ಮುಂದೆ ಕುರಿ ಹಿಂಡು, ಬದಿಯಲ್ಲಿ ನಾಯಿ, ಹಿಂದೆ ಒಂದೆರಡು ಗಿಡ್ಡ ಕುದುರೆ. ಕುದುರೆಯ ಬೆನ್ನ ಮೇಲೆ ಕಂಬಳಿ, ಪಾತ್ರೆ, ಜೋಳದ ಚೀಲ. ಆ ಹೊರೆಯ ಮೇಲೆ ಆಗಷ್ಟೇ ಹುಟ್ಟಿದ ಮರಿ, ಕೆಲವೊಮ್ಮೆ ಎಳೆಗೂಸು. ಟಾಂಗಾಗಳು ಮರೆಯಾದ ಮೇಲೆ ನಮ್ಮ ಮಕ್ಕಳು ಕುದುರೆಯನ್ನು ಹತ್ತಿರದಿಂದ ಕಾಣುವುದು ಹೀಗೆಯೇ.

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. "ಸರ, ಕುದುರಿ ಮುಟ್ಟಿದ್ರ ಮನಸಿನ ಬ್ಯಾನಿ ಹೋಗತೈತಂತ ವಿಡಿಯೋದಾಗ ನೋಡೀನಿ. ನಮ್ಮ ತಮ್ಮನ್ನ ಕುರಿಗಾರರ ಕುದುರಿ ಹತ್ರ ಕರಕೊಂಡು ಹೋಗ್ಲೇನ್ರಿ? ಗುಳಿಗಿ ಬಿಡಸಬೇಕಂತ ಮಾಡೀನಿ" ಅಂದ. ಗುಳಿಗೆ ಮಾತ್ರ ಬಿಡಿಸಬೇಡಪ್ಪಾ, ಉಳಿದದ್ದು ಕೂತು ಮಾತಾಡೋಣ ಅಂದೆ. ಆ ಮಾತುಕತೆಯಲ್ಲಿ ಬಂದ ಪ್ರಶ್ನೆಗಳು ಅವನೊಬ್ಬನವಲ್ಲ. ಅದಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ತಪ್ಪು ಕಲ್ಪನೆ: ಕುದುರೆ ಚಿಕಿತ್ಸೆ ಎಂದರೆ ಕುದುರೆ ಸವಾರಿ

ವಾಸ್ತವ: ಸವಾರಿ ಅದರ ಒಂದು ಕವಲು ಮಾತ್ರ, ಅದೂ ಹೆಚ್ಚಾಗಿ ದೇಹಕ್ಕೆ ಸಂಬಂಧಿಸಿದ್ದು. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬಾಕೆಗೆ 1944ರಲ್ಲಿ ಪೋಲಿಯೊ ತಗುಲಿ ಮೊಣಕಾಲಿನಿಂದ ಕೆಳಗೆ ಶಕ್ತಿ ಹೋಯಿತು. ಕುದುರೆ ಹತ್ತಲು, ಇಳಿಯಲು ಇನ್ನೊಬ್ಬರ ಆಸರೆ ಬೇಕಿತ್ತು. ಅಂಥವರು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಅಶ್ವ ಸ್ಪರ್ಧೆಯಲ್ಲಿ ಬೆಳ್ಳಿ ಪದಕ ಗೆದ್ದರು. ಯುರೋಪಿನಲ್ಲಿ ಅಂಗವಿಕಲರಿಗಾಗಿ ಸವಾರಿ ಕೇಂದ್ರಗಳು ಹಬ್ಬಲು ಅವರ ಗೆಲುವು ದೊಡ್ಡ ಪ್ರೇರಣೆಯಾಯಿತು. ಕುದುರೆ ನಡೆಯುವಾಗ ಮೇಲೆ ಕೂತವರ ಸೊಂಟ ಮನುಷ್ಯ ನಡೆದಾಗ ಆಡುವಂತೆಯೇ ಆಡುತ್ತದೆ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಸಮತೋಲನಕ್ಕೆ ಇದನ್ನು ಬಳಸುವುದು ಆ ಕಾರಣಕ್ಕೆ.

ಮನಸ್ಸಿನ ಕೆಲಸ ಹೆಚ್ಚಾಗಿ ನೆಲದ ಮೇಲೆ ನಿಂತೇ ನಡೆಯುತ್ತದೆ. ಅಂಗಳದಲ್ಲಿ ಕುದುರೆ, ನೊಂದ ವ್ಯಕ್ತಿ, ಕುದುರೆ ಬಲ್ಲ ಒಬ್ಬರು, ತರಬೇತಿ ಪಡೆದ ಮನೋಚಿಕಿತ್ಸಕರು ಒಬ್ಬರು. ಭುಜದ ಕಡೆಯಿಂದ ನಿಧಾನ ಹತ್ತಿರ ಹೋಗುವುದು, ಮೈ ಉಜ್ಜುವುದು, ಹಗ್ಗ ಹಿಡಿದು ನಾಲ್ಕು ಹೆಜ್ಜೆ ನಡೆಸುವುದು. ಅವಸರದಿಂದ ಕೈ ಚಾಚಿದರೆ ಕುದುರೆ ಮುಖ ತಿರುಗಿಸುತ್ತದೆ. ಉಸಿರು ಸಡಿಲ ಬಿಟ್ಟು ಮತ್ತೆ ಹೋದರೆ ನಿಲ್ಲುತ್ತದೆ. "ಈಗ ನಿಮ್ಮೊಳಗೆ ಏನು ಬದಲಾಯಿತು?" ಎಂದು ಚಿಕಿತ್ಸಕರು ಕೇಳುತ್ತಾರೆ. ಚಿಕಿತ್ಸೆ ಆರಂಭವಾಗುವುದು ಆ ಪ್ರಶ್ನೆಯಿಂದ. ಕೇಳುವವರಿಲ್ಲದಿದ್ದರೆ ಅದು ಕುದುರೆ ಜೊತೆ ಕಳೆದ ಒಂದು ಒಳ್ಳೆಯ ಸಂಜೆ, ಅಷ್ಟೇ.

ತಪ್ಪು ಕಲ್ಪನೆ: ಕುದುರೆಗೆ ದಿವ್ಯಶಕ್ತಿ ಇದೆ, ಮನಸ್ಸಿನೊಳಗಿನದೆಲ್ಲ ಅದಕ್ಕೆ ತಿಳಿಯುತ್ತದೆ

ವಾಸ್ತವ: ಕುದುರೆ ಬೇಟೆಗೆ ಸಿಕ್ಕುವ ಪ್ರಾಣಿ. ಅಪಾಯವನ್ನು ಬೇಗ ಗುರುತಿಸಿದ್ದೇ ಅದು ಉಳಿದುಬಂದ ಬಗೆ. ಕಣ್ಣು ತಲೆಯ ಎರಡೂ ಬದಿಗಿರುವುದರಿಂದ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ, ಕಾಣದಿರುವುದು ಮೂಗಿನ ನೇರಕ್ಕೆ ಮತ್ತು ಬಾಲದ ಹಿಂದೆ ಒಂದಿಷ್ಟು ಜಾಗ. ಎದುರಿನವರ ಮೈ ಬಿಗಿದಿದೆಯೇ, ನಡಿಗೆಯಲ್ಲಿ ಗಡಿಬಿಡಿ ಇದೆಯೇ ಎಂಬುದನ್ನು ಅದು ಗಮನಿಸುತ್ತದೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 28 ಕುದುರೆಗಳಿಗೆ ಅಪರಿಚಿತರ ಫೋಟೊ ತೋರಿಸಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಿಟ್ಟಿನ ಮುಖ ಕಂಡಾಗ ಕುದುರೆಗಳ ಎದೆಬಡಿತ ನಗುಮುಖ ಕಂಡಾಗಿನದಕ್ಕಿಂತ ಬೇಗ ಏರಿತ್ತು. ಬೇರೆ ಜಾತಿಯ ಪ್ರಾಣಿಯೊಂದು ನಮ್ಮ ಮುಖವನ್ನು ಇಷ್ಟು ಓದುತ್ತದೆ ಎಂಬುದೇ ನನಗೆ ಬೆರಗು. ಅದಕ್ಕೆ ಪವಾಡದ ಹೆಸರು ಕಟ್ಟುವ ಅಗತ್ಯವಿಲ್ಲ.

ತಪ್ಪು ಕಲ್ಪನೆ: ಇದು ಸಿಕ್ಕರೆ ಗುಳಿಗೆ ಬೇಡ

ವಾಸ್ತವ: ಬೇಕು. ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ನಿಲ್ಲಿಸುವುದು, ಕಡಿಮೆ ಮಾಡುವುದು ವೈದ್ಯರ ಮಾತಿನ ಮೇಲೇ ಆಗಬೇಕು. ಒಮ್ಮೆಲೇ ಬಿಟ್ಟರೆ ರೋಗ ಮೊದಲಿಗಿಂತ ಜೋರಾಗಿ ಮರುಕಳಿಸಬಹುದು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ಯುದ್ಧದ ಆಘಾತದಿಂದ ನರಳುತ್ತಿದ್ದ 63 ಮಾಜಿ ಸೈನಿಕರಿಗೆ ವಾರಕ್ಕೊಂದರಂತೆ 8 ವಾರ ಕುದುರೆ ಚಿಕಿತ್ಸೆ ಕೊಟ್ಟು, 2021ರಲ್ಲಿ ವರದಿ ಪ್ರಕಟಿಸಿದರು. ಅರ್ಧಕ್ಕಿಂತ ಹೆಚ್ಚು ಜನರಿಗೆ ಗುಣ ಕಂಡಿತು. ಆದರೆ ಈ ಚಿಕಿತ್ಸೆ ಪಡೆಯದ ಇನ್ನೊಂದು ಗುಂಪನ್ನು ಹೋಲಿಕೆಗೆ ಇಟ್ಟುಕೊಂಡಿರಲಿಲ್ಲ. ಹಾಗಾಗಿ ಅಷ್ಟೂ ಗುಣ ಕುದುರೆಯಿಂದಲೇ ಬಂತು ಎನ್ನಲು ಬರುವುದಿಲ್ಲ. ಭರವಸೆ ಇದೆ, ಪುರಾವೆ ಇನ್ನೂ ಬಲಿಯಬೇಕು. ಇದನ್ನು ಮುಚ್ಚಿಟ್ಟು ದುಡ್ಡು ಕೇಳುವವರಿಂದ ದೂರ ಇರಿ.

ತಪ್ಪು ಕಲ್ಪನೆ: ಚಿತ್ರ ಬರೆಯುವುದು, ಮಣ್ಣು ಮೆತ್ತುವುದು ಮಕ್ಕಳಾಟ, ದೊಡ್ಡವರಿಗೆ ಕೈಚಳಕ ಇದ್ದರೆ ಮಾತ್ರ

ವಾಸ್ತವ: ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಯಾಕೆಂದರೆ ನಮ್ಮ ಭಾಗದಲ್ಲಿ ಕುದುರೆಗಿಂತ ಹತ್ತಿರ ಇರುವುದು ಮಣ್ಣು.

ಬ್ರಿಟನ್ನಿನ ಚಿತ್ರಕಾರ ಏಡ್ರಿಯನ್ ಹಿಲ್ 1938ರಲ್ಲಿ ಕ್ಷಯರೋಗದಿಂದ ಆಸ್ಪತ್ರೆ ಸೇರಿದಾಗ ಹಾಸಿಗೆಯಲ್ಲೇ ಚಿತ್ರ ಬರೆಯತೊಡಗಿದ. ಆಮೇಲೆ ಪಕ್ಕದ ರೋಗಿಗಳಿಗೂ ಕಲಿಸಿದ. 'ಕಲಾ ಚಿಕಿತ್ಸೆ' ಎಂಬ ಹೆಸರು 1942ರಲ್ಲಿ ಬಂದದ್ದು ಅವನಿಂದ. ಭಾರತ ಮೂಲದ ಗಿರಿಜಾ ಕೈಮಲ್ ಅಮೆರಿಕದಲ್ಲಿ ನಡೆಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. 39 ಜನ ವಯಸ್ಕರಿಗೆ 45 ನಿಮಿಷ ಬಣ್ಣ, ಕಾಗದ, ಮಣ್ಣು ಕೊಟ್ಟು ಬೇಕಾದ್ದು ಮಾಡಿ ಎಂದರು. ಸುಮಾರು ಶೇ 75 ಮಂದಿಯಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಇಳಿದಿತ್ತು. ಮೊದಲೇ ಕಲೆ ಬಲ್ಲವರಿಗೂ ಬಾರದವರಿಗೂ ಅದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಹೀಗಿರುವಾಗ 'ನನಗೆ ಬರೂದಿಲ್ಲ' ಎಂದು ಹಿಂಜರಿಯಬೇಕಿಲ್ಲ.

ನಮ್ಮ ಕಡೆ ವರ್ಷಕ್ಕೆ ಐದು ಸಲ ಮಣ್ಣಿನ ಪೂಜೆ ಇದೆ. ಕಾರಹುಣ್ಣಿಮೆಯ ನಂತರ ಮಣ್ಣೆತ್ತು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಪಂಚಮಿಗೆ ನಾಗಪ್ಪ, ಚೌತಿಗೆ ಗಣಪ, ಆಮೇಲೆ ಜೋಕುಮಾರ. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದ ಬಂಡೆಗಳ ಮೇಲೆ ಹೊಸಶಿಲಾಯುಗದ ಜನ ಬಿಡಿಸಿದ ದನಗಳಿವೆ. ಬರವಣಿಗೆ ಬರುವ ಮೊದಲೇ ಈ ನೆಲದವರು ಕಲ್ಲಿನ ಮೇಲೆ ತಮ್ಮ ಎತ್ತುಗಳನ್ನು ಬಿಡಿಸಿದ್ದರು.

ನಮ್ಮ ಓಣಿಯ ಕಾಕಿಯೊಬ್ಬರು ಕಾಕಾ ತೀರಿಕೊಂಡ ಮೇಲೆ ಮಾತೇ ಬಿಟ್ಟಿದ್ದರು. ಅಡುಗೆ ಮಾಡುವರು, ಉಣ್ಣಿಸುವರು, ಹೂಂ ಎನ್ನುವರು, ಮುಗಿಯಿತು. ಏಳನೆಯ ತಿಂಗಳಿಗೆ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಮೊಮ್ಮಗ ಹಟ ಹಿಡಿದು ಎರೆಮಣ್ಣು ತಂದು ಅವರ ಮುಂದೆ ಸುರಿದ. ಕಾಕಿ ಸುಮ್ಮನೆ ನೀರು ಚಿಮುಕಿಸಿ ನಾದತೊಡಗಿದರು. ಅಂಗೈ ನಡುವೆ ಉಂಡೆ ಉರುಳಿಸಿ ಮೈ ಮಾಡಿದರು, ಹೆಬ್ಬೆರಳಿನಿಂದ ಒತ್ತಿ ಹಿಣಿಲು ಎಬ್ಬಿಸಿದರು, ಜೋಳದ ಕಾಳು ಒತ್ತಿ ಕಣ್ಣಿಟ್ಟರು. ಎರಡನೆಯ ಎತ್ತಿನ ಒಂದು ಕೋಡನ್ನು ಮಾತ್ರ ಬೇಕೆಂದೇ ಕೆಳಕ್ಕೆ ಬಾಗಿಸಿದರು. ಮೊಮ್ಮಗ "ಯಮ್ಮಾ, ಇದು ಸೊಟ್ಟ ಆತು" ಅಂದ. "ಇಲ್ಲೋ ಅಪ್ಪಿ, ನಮ್ಮ ಕೆಂದ ಎತ್ತಿನ ಕೋಡು ಹಿಂಗ ಇತ್ತು. ನಿಮ್ಮ ಮುತ್ಯಾ ಅದನ್ನ ಮಾರಿ ಬಂದ ದಿನ ಉಣಲಿಲ್ಲ" ಅಂದರು. ಏಳು ತಿಂಗಳಲ್ಲಿ ಅವರು ಆಡಿದ ಮೊದಲ ಉದ್ದನೆಯ ಮಾತು ಅದು. ಹಿಂದೆಯೇ ಅಳು ಬಂತು. ಮನೆಮಂದಿ ಅಳಬೇಡ ಎನ್ನದೆ ಸುತ್ತ ಕೂತರು.

ಅಷ್ಟಕ್ಕೇ ಗುಣವಾಯಿತೆಂದು ಹೇಳುತ್ತಿಲ್ಲ. ಮುಂದಿನ ವಾರ ಅವರನ್ನು ವೈದ್ಯರ ಬಳಿ ಕರೆದೊಯ್ದರು. ಖಿನ್ನತೆಗೆ ತಿಂಗಳುಗಟ್ಟಲೆ ಚಿಕಿತ್ಸೆ ನಡೆಯಿತು. ಮಣ್ಣು ಅವರ ಬಾಯಿ ತೆರೆಸಿತು, ಚಿಕಿತ್ಸೆ ಮುಂದಿನದನ್ನು ನೋಡಿಕೊಂಡಿತು. ಕೈಗೆ ಕೆಲಸ ಸಿಕ್ಕಾಗ, ನೇರ ಆಡಲಾಗದ್ದನ್ನು ಒಂದು ಆಕಾರದ ನೆಪದಲ್ಲಿ ಆಡಬಹುದು. ಕಲಾ ಚಿಕಿತ್ಸಕರು ಇದನ್ನೇ ತಿಳಿದು, ಕ್ರಮವಾಗಿ, ಆ ವ್ಯಕ್ತಿ ತಡೆದುಕೊಳ್ಳುವಷ್ಟು ಮಾಡಿಸುತ್ತಾರೆ. ಮಾಡಿದ ಎತ್ತು ಚೆಂದವಾಯಿತೇ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ.

ತಪ್ಪು ಕಲ್ಪನೆ: ಹಳ್ಳಿಯವರು ನಿಸರ್ಗದ ಮಡಿಲಲ್ಲೇ ಇರುತ್ತಾರೆ, ಅವರಿಗೆಂಥ ಮನೋವ್ಯಾಧಿ?

ವಾಸ್ತವ: ಈ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುತ್ತದೆ. ಹಸಿರು ಮನಸ್ಸಿಗೆ ಒಳ್ಳೆಯದು, ನಿಜ. ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರ ಪೈಕಿ ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು. ಆದರೆ ಆ ರೋಗಿಗೆ ಆ ಮರದ ಮೇಲೆ ಸಾಲ ಇರಲಿಲ್ಲ.

ಸಿಂಧನೂರಿನ ರೈತ ಹಸಿರು ಗದ್ದೆ ನೋಡುವಾಗ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕೊನೆಯ ತೂಬಿನವರೆಗೆ ಬರುತ್ತದೆಯೇ ಎಂದು ನೋಡುತ್ತಾನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಇಲ್ಲಿ ಎಷ್ಟು ಮನೆಗಳಲ್ಲಿ ನಿದ್ದೆ ಹತ್ತಲಿಲ್ಲ ಎಂಬುದು ನಮಗೆ ಗೊತ್ತಿದೆ. ರೈತನಿಗೆ ಗದ್ದೆಯೇ ಕಚೇರಿ, ಗದ್ದೆಯೇ ಚಿಂತೆ. ನಿಸರ್ಗ ಚಿಕಿತ್ಸೆಯಾಗಬೇಕಾದರೆ ಲಾಭ ನಷ್ಟದ ಲೆಕ್ಕವಿಲ್ಲದ ಒಂದು ಮೂಲೆ ಬೇಕು. ಹಿತ್ತಲಲ್ಲಿ ನಾಲ್ಕು ಹೂವಿನ ಗಿಡ, ಸಂಜೆ ದನದ ಮೈ ತೊಳೆಯುವ ಅರ್ಧ ಗಂಟೆ, ಎಳ್ಳಮಾವಾಸ್ಯೆಯಂದು ಚರಗ ಚೆಲ್ಲಿ ಹೊಲದಲ್ಲೇ ಕೂತು ಉಣ್ಣುವ ಊಟ, ಇಂಥವು. ಎತ್ತಿನ ಮೈ ತಿಕ್ಕುವುದನ್ನು ಕುದುರೆಯಂತೆ ಯಾರೂ ಚಿಕಿತ್ಸೆಯಾಗಿ ಪರೀಕ್ಷಿಸಿಲ್ಲದಿರಬಹುದು. ಅದು ಕೊಡುವ ನೆಮ್ಮದಿಗೆ ಅಷ್ಟರಿಂದ ಕೊರತೆ ಇಲ್ಲ.

ಇಲ್ಲೇ ಇನ್ನೊಂದು ಮಾತು ಹೇಳಲೇಬೇಕು. ಬೆಳೆಗೆ ಹೊಡೆಯುವ 'ಎಣ್ಣಿ' ಡಬ್ಬಿಯನ್ನು ಮನೆಯೊಳಗೆ, ಕೈಗೆ ಸಿಗುವಂತೆ ಇಡಬೇಡಿ. ಬೀಗ ಹಾಕಿ, ಕೀಲಿ ಇನ್ನೊಬ್ಬರ ಬಳಿ ಇರಲಿ. ಶ್ರೀಲಂಕಾ ಅತಿ ವಿಷದ ಕೀಟನಾಶಕಗಳನ್ನು ಹಂತಹಂತವಾಗಿ ನಿಷೇಧಿಸಿದ ಮೇಲೆ, 1995ರ ನಂತರದ ಎರಡು ದಶಕಗಳಲ್ಲಿ ಅಲ್ಲಿನ ಆತ್ಮಹತ್ಯೆ ಪ್ರಮಾಣ ಸುಮಾರು ಶೇ 70ರಷ್ಟು ಇಳಿಯಿತು. ಸಾಯಬೇಕೆನಿಸುವ ಗಳಿಗೆ ಬಹಳ ಸಲ ಬಂದು ದಾಟಿಹೋಗುವಂಥದ್ದು. ಆ ಗಳಿಗೆಯಲ್ಲಿ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ.

ತಪ್ಪು ಕಲ್ಪನೆ: ಇದೆಲ್ಲ ಬೆಂಗಳೂರಿನವರಿಗೆ, ನಮ್ಮಂಥವರಿಗಲ್ಲ

ವಾಸ್ತವ: ಕುದುರೆ ಚಿಕಿತ್ಸೆಯ ಮಟ್ಟಿಗೆ ಈ ಮಾತಿನಲ್ಲಿ ಅರ್ಧ ಸತ್ಯ ಇದೆ. ಅದು ದುಬಾರಿ, ಪಳಗಿದ ಕುದುರೆ ಬೇಕು, ದೊಡ್ಡ ಊರುಗಳ ಸವಾರಿ ಶಾಲೆಗಳ ಸುತ್ತಲೇ ಬೆಳೆದಿದೆ. ಕುರಿಗಾರರ ಕುದುರೆ ಅದಕ್ಕೆ ಬದಲಿ ಅಲ್ಲ. ಅದು ಹೊರೆ ಹೊತ್ತು ದಣಿದ ಪ್ರಾಣಿ, ಹಿಂದಿನಿಂದ ಹೋದವರನ್ನು ಒದ್ದೀತು. ಯಜಮಾನನನ್ನು ಕೇಳಿ, ಬದಿಯಿಂದ ಹೋಗಿ, ಅವನ ಎದುರಿಗೇ ಕುತ್ತಿಗೆ ನೇವರಿಸಿದರೆ ಸಂತೋಷ. ಅದನ್ನು ಚಿಕಿತ್ಸೆ ಎನ್ನಬಾರದು.

ಆದರೆ ಮನಸ್ಸಿನ ಚಿಕಿತ್ಸೆ ಹಳ್ಳಿಗೆ ಬರುವುದಿಲ್ಲ ಎಂಬುದು ಪೂರ್ತಿ ತಪ್ಪು. ಹಳ್ಳಿಗೆ ಅದನ್ನು ತಲುಪಿಸುವ ದಾರಿಯನ್ನು ದೇಶಕ್ಕೆ ತೋರಿಸಿದ್ದೇ ನಮ್ಮ ಪಕ್ಕದ ಬಳ್ಳಾರಿ. 1980ರ ದಶಕದಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಬಳ್ಳಾರಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ಮನೋರೋಗ ಗುರುತಿಸಿ ಔಷಧ ಕೊಡುವುದನ್ನು ಕಲಿಸಿತು. ಆ 'ಬಳ್ಳಾರಿ ಮಾದರಿ'ಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ 'ಮನೋಚೈತನ್ಯ'ವನ್ನು ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿತು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಯಾವ ಹೊತ್ತಿಗೆ ಸಿಗುತ್ತಾರೆಂದು ಕೇಳಿ. 2022ರ ಅಕ್ಟೋಬರ್‌ನಿಂದ 'ಟೆಲಿ ಮನಸ್' ಸಹಾಯವಾಣಿ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಫೋನ್ ಮಾಡಿದ್ದ ಹುಡುಗನ ತಮ್ಮ ಗುಳಿಗೆ ಬಿಟ್ಟಿಲ್ಲ. ಈಗ ಮನೆಯ ಆಕಳ ಕೆಲಸ ಪೂರ್ತಿ ಅವನದೇ.

ಮುಂದಿನ ಮಣ್ಣೆತ್ತಿನ ಅಮಾವಾಸ್ಯೆಗೆ ಬಣ್ಣ ಬಳಿದ ಸಿದ್ಧ ಜೋಡಿಯನ್ನು ತರಬೇಡಿ. ಕುಂಬಾರರಿಂದ ಹದ ಮಾಡಿದ ಮಣ್ಣನ್ನೇ ಒಂದು ಪುಟ್ಟಿ ಕೊಂಡು ತನ್ನಿ. ಮನೆಯಲ್ಲಿ ಮಾತು ಕಡಿಮೆಯಾದವರು ಯಾರಿದ್ದಾರೋ ಅವರ ಪಕ್ಕ ಕೂತು ಮಾಡಿ. ಅಂದೇ ಗೋಡೆಯ ಕ್ಯಾಲೆಂಡರ್ ಮೇಲೆ 14416 ಎಂದು ದೊಡ್ಡದಾಗಿ ಬರೆದಿಡಿ.