ಒಂದೇ ಮಡು, ಇಬ್ಬರು ಬೇಟೆಗಾರರು

ಮಳೆಗಾಲ ಹಿಂದೆ ಸರಿದು ಮುನಿರಾಬಾದಿನ ಅಣೆಕಟ್ಟಿನ ಗೇಟುಗಳು ಮುಚ್ಚಿಕೊಂಡ ಮೇಲೆ ತುಂಗಭದ್ರೆಯ ಮುಖವೇ ಬೇರೆ. ಆಗಸ್ಟಿನಲ್ಲಿ ಬಂಡೆಗಳನ್ನೆಲ್ಲ ನುಂಗಿ ಕೆಂಪಗೆ ಹರಿದಿದ್ದ ಹೊಳೆ ಡಿಸೆಂಬರಿನ ಹೊತ್ತಿಗೆ ಇಳಿದು, ಬಂಡೆಗಳ ನಡುವೆ ಹತ್ತಾರು ಸೀಳಾಗಿ ಹರಿಯುತ್ತದೆ, ಅಲ್ಲಲ್ಲಿ ಮಡುಗಟ್ಟಿ ನಿಲ್ಲುತ್ತದೆ. ನೀರಿನ ದೊಡ್ಡ ಪಾಲು ಕಾಲುವೆ ಹಿಡಿದು ಗಂಗಾವತಿಯ ಭತ್ತದ ಗದ್ದೆಗಳತ್ತ ಹೋಗಿರುತ್ತದೆ. ಪಾತ್ರದಲ್ಲಿ ಉಳಿದ ಮೀನು ಮಡುಗಳಿಗೆ ಸೇರುತ್ತದೆ. ಮೀನು ಸೇರಿದಲ್ಲಿಗೆ ಮನುಷ್ಯರೂ ಸೇರುತ್ತಾರೆ.

ಚಳಿಗಾಲದ ಈ ದಂಡೆಯ ಮೇಲೆ ಇರುವ ಜನಸಂದಣಿ ಸಣ್ಣದಲ್ಲ. ಹುಣ್ಣಿಮೆ, ಮಂಗಳವಾರ, ಶುಕ್ರವಾರ ಬಂತೆಂದರೆ ಹುಲಿಗೆಮ್ಮನ ದರ್ಶನಕ್ಕೆ ಕುಷ್ಟಗಿ, ಯಲಬುರ್ಗಾದ ಒಣ ಹೊಲಗಳ ಊರುಗಳಿಂದೆಲ್ಲ ಜನ ಹುಲಿಗಿಗೆ ಇಳಿದು, ಮೊದಲು ಹೊಳೆಯಲ್ಲಿ ಮುಳುಗು ಹಾಕುತ್ತಾರೆ. ಕೆಳಗೆ ಸಾಣಾಪುರ, ಆನೆಗೊಂದಿಯ ಕಡೆ ಹರಿಗೋಲು, ಪ್ರವಾಸಿಗಳು, ಬಟ್ಟೆ ಒಗೆಯುವವರು, ಹೊಳೆಗೆ ಬಾಯಿಟ್ಟ ಪಂಪ್‌ಸೆಟ್ಟುಗಳು. ಇವೆಲ್ಲದರ ನಡುವೆ ಒಂದು ಬಂಡೆ ಹಿಡಿದು ಕೂತ ಗಾಳದವನು. ಕೋಲು, ದಾರ, ಬೆಂಡು, ಡಬ್ಬಿಯಲ್ಲಿ ಎರೆಹುಳ. ಅವನಿಗೆ ಬೇಕಾದ ಮಡುವೇ ಬೇಕಾದ ಇನ್ನೊಂದು ಪ್ರಾಣಿ ಅದೇ ದಂಡೆಯಲ್ಲಿ, ಅವನು ಎದ್ದು ಹೋಗುವುದನ್ನೇ ಕಾಯುತ್ತಿರುತ್ತದೆ. ಅದು ನೀರುನಾಯಿ.

ಇಬ್ಬರೂ ಹುಡುಕುವುದು ಒಂದೇ ಜಾಗವನ್ನು. ಚಳಿಗಾಲದ ಮೀನು ಎಲ್ಲೆಂದರಲ್ಲಿ ಇರುವುದಿಲ್ಲ. ಮೀನಿನ ಮೈ ಬಿಸಿ ನೀರಿನ ಬಿಸಿಗೆ ತಕ್ಕಂತೆ ಏರಿಳಿಯುತ್ತದೆ. ನೀರು ತಣ್ಣಗಾದಂತೆ ಅದರ ಜೀರ್ಣಶಕ್ತಿ ಕುಗ್ಗುತ್ತದೆ, ಸ್ನಾಯುಗಳು ನಿಧಾನವಾಗುತ್ತವೆ. ಆಗ ಸೆಳವಿನ ಎದುರು ಸುಮ್ಮನೆ ಈಜುವುದು ನಷ್ಟದ ವ್ಯಾಪಾರ. ಆದ್ದರಿಂದ ವೇಗದ ನೀರು ನಿಧಾನದ ನೀರಿಗೆ ತಾಗುವ ಗೆರೆಯಲ್ಲಿ, ಬಂಡೆಯ ಮರೆಯಲ್ಲಿ ಅದು ನಿಲ್ಲುತ್ತದೆ. ಸೆಳವು ಹೊತ್ತು ತರುವ ಆಹಾರ ಪಕ್ಕದಲ್ಲೇ ಹಾದುಹೋಗುತ್ತದೆ, ಸೆಳವಿನ ಹೊಡೆತ ಮಾತ್ರ ತಾಗುವುದಿಲ್ಲ. ಅನುಭವಿ ಗಾಳದವರು ಬೆಂಡನ್ನು ಆ ಗೆರೆಗೇ ಬಿಡುತ್ತಾರೆ. ಅಮೆರಿಕದ ಪಶ್ಚಿಮ ಕರಾವಳಿಯ ನದಿಗಳಲ್ಲಿ ಚಳಿಗಾಲದಲ್ಲಿ ಸ್ಟೀಲ್‌ಹೆಡ್ ಎಂಬ ಮೀನು ಸಮುದ್ರದಿಂದ ಹಿಂದಿರುಗಿ ಮೇಲಕ್ಕೆ ಹತ್ತುತ್ತದೆ. ಅದಕ್ಕಾಗಿ ಜನ ದಂಡೆಯ ಮೇಲೆ ಭುಜಕ್ಕೆ ಭುಜ ತಾಗಿಸಿ ನಿಂತು ಗಾಳ ಎಸೆಯುತ್ತಾರೆ. ಅಷ್ಟೂ ಜನರ ಕಣ್ಣು ಇಂಥ ಒಂದೇ ಗೆರೆಯ ಮೇಲೆ. ಯಾರು ಮೊದಲು ಎಸೆಯಬೇಕು, ಎಷ್ಟು ಹೊತ್ತಿಗೆ ಜಾಗ ಬಿಡಬೇಕು ಎಂಬುದಕ್ಕೆಲ್ಲ ಅಲ್ಲಿ ಬರೆಯದ ಕಟ್ಟಳೆಗಳುಂಟು.

ಬಂಡೆಯ ಹಿಂದೆ ಮೀನು ಸುಮ್ಮನೆ ನಿಂತಿದೆ ಅಂದುಕೊಂಡರೆ ಅದೂ ಪೂರ್ತಿ ಸರಿಯಲ್ಲ. ಹರಿವ ನೀರು ದುಂಡನೆಯ ಕಲ್ಲನ್ನು ಬಳಸಿ ಹೋಗುವಾಗ ಹಿಂದೆ ಎಡಕ್ಕೊಂದು, ಬಲಕ್ಕೊಂದು ಸುಳಿಯನ್ನು ಸರದಿಯಂತೆ ಬಿಡುತ್ತಾ ಹೋಗುತ್ತದೆ. ಈ ಸುಳಿಗಳ ಸಾಲಿಗೆ ಫಾನ್ ಕಾರ್ಮಾನ್ ಎಂಬ ವಿಜ್ಞಾನಿಯ ಹೆಸರಿದೆ. 2003ರಲ್ಲಿ ಅಮೆರಿಕದ ಸಂಶೋಧಕರು ಕೃತಕ ಹರಿವಿನಲ್ಲಿ ಒಂದು ಕಂಬ ನಿಲ್ಲಿಸಿ, ಅದರ ಹಿಂದೆ ರೇನ್‌ಬೋ ಟ್ರೌಟ್ ಮೀನುಗಳನ್ನು ಬಿಟ್ಟು ನೋಡಿದರು. (ಸ್ಟೀಲ್‌ಹೆಡ್ ಅಂದರೆ ಇದೇ ಜಾತಿ, ಸಮುದ್ರಕ್ಕೆ ಹೋಗಿ ಬರುವ ಅಭ್ಯಾಸದ್ದು, ನೀಲಗಿರಿಯ ತೊರೆಗಳಿಗೆ ಬ್ರಿಟಿಷರು ತಂದು ಬಿಟ್ಟದ್ದೂ ಇದನ್ನೇ.) ಮೀನುಗಳು ಸುಳಿಯಿಂದ ಸುಳಿಗೆ ಮೈ ಬಳುಕಿಸುತ್ತಾ, ಗಾಳಿಪಟದ ಬಾಲಂಗೋಚಿಯಂತೆ ಎಡಬಲ ಓಲಾಡುತ್ತಿದ್ದವು; ಸ್ನಾಯುಗಳ ಕೆಲಸ ಮಾತ್ರ ತೀರಾ ಕಡಿಮೆಯಾಗಿತ್ತು. ಮುಂದೆ 2006ರಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಈ ಸಲ ಕಂಬದ ಹಿಂದೆ ಬಿಟ್ಟದ್ದು ಸತ್ತ ಮೀನನ್ನು. ಸುಳಿಗಳ ಬಲದಲ್ಲೇ ಅದು ಸೆಳವಿಗೆ ಎದುರಾಗಿ ಮುಂದಕ್ಕೆ ಸರಿಯಿತು! ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಗುಂಡುಗಳು ರಾಶಿಬಿದ್ದ ಆನೆಗೊಂದಿಯ ಹೊಳೆಗಿಂತ ಹೆಚ್ಚು ಇಂಥ ತಾವುಗಳು ಎಲ್ಲಿ ಸಿಕ್ಕಾವು?

ಗಾಳದವನು ಈ ತಾವನ್ನು ಮೇಲಿನಿಂದ ಊಹಿಸಬೇಕು. ನೀರುನಾಯಿಗೆ ಊಹೆಯ ಅಗತ್ಯವಿಲ್ಲ.

ನಮ್ಮ ಹೊಳೆಯಲ್ಲಿರುವುದು ನುಣುಪು ತುಪ್ಪಳದ ನೀರುನಾಯಿ. ಭಾರತದಲ್ಲಿರುವ ಮೂರು ಜಾತಿಗಳಲ್ಲಿ ಬಯಲುನಾಡಿನ ದೊಡ್ಡ ನದಿಗಳಿಗೆ ಒಗ್ಗಿದ್ದು ಇದೇ. ಏಳರಿಂದ ಹನ್ನೊಂದು ಕಿಲೋ ತೂಕ. ಮೂಗಿನಿಂದ ಬಾಲದ ತುದಿಗೆ ಅಳೆದರೆ ಒಂದು ಮೀಟರ್ ದಾಟುತ್ತದೆ. ಹೆಸರಲ್ಲಿ ನಾಯಿ ಇದ್ದರೂ ಸಂಬಂಧಿಕರು ಬೇರೆ, ಮುಂಗುಸಿಯೂ ಅಲ್ಲ; ತರಕರಡಿ ಇದರ ದಾಯಾದಿ. ಬೆರಳುಗಳ ನಡುವೆ ಪೊರೆ, ತುದಿಯತ್ತ ಚಪ್ಪಟೆಯಾದ ಗಟ್ಟಿ ಬಾಲ. ಮುಳುಗಿದೊಡನೆ ಮೂಗಿನ ಹೊಳ್ಳೆ, ಕಿವಿ ಎರಡೂ ಮುಚ್ಚಿಕೊಳ್ಳುತ್ತವೆ.

ಇದರ ಅಸಲು ಆಯುಧ ಮೀಸೆ. ತುಂಗಭದ್ರೆಯ ನೀರು ಚಳಿಗಾಲದಲ್ಲೂ ಪೂರ್ತಿ ತಿಳಿಯಾಗುವುದಿಲ್ಲ, ಬಂಡೆಯ ಸಂದಿಯಲ್ಲಿ ಬೆಳಕೂ ಇರುವುದಿಲ್ಲ. ಮೂತಿಯ ಎರಡೂ ಕಡೆ ದಪ್ಪ, ಬಿರುಸು ಮೀಸೆಗಳಿವೆ. ಪ್ರತಿ ಮೀಸೆಯ ಬುಡದಲ್ಲಿ ನರಗಳ ಗೊಂಚಲು. ಮೀನು ಬಾಲ ಆಡಿಸಿದಾಗ ನೀರಿನಲ್ಲಿ ಏಳುವ ಅಲುಗಾಟ ಮೀಸೆಗೆ ತಾಗುತ್ತದೆ. ಈ ಬಗೆಯ ಮೀಸೆ ಎಷ್ಟು ಸೂಕ್ಷ್ಮವಾಗಿರಬಲ್ಲದು ಎಂಬುದು 2001ರಲ್ಲಿ ಜರ್ಮನಿಯಲ್ಲಿ ಸೀಲ್‌ಗಳ ಮೇಲೆ ನಡೆದ ಪ್ರಯೋಗದಿಂದ ಗೊತ್ತಾಯಿತು. ಕಣ್ಣಿಗೆ ಪಟ್ಟಿ, ಕಿವಿಗೆ ಮುಚ್ಚಳ ಹಾಕಿದ ಸೀಲ್, ಪುಟ್ಟದೊಂದು ಆಟಿಕೆ ಜಲಾಂತರ್ಗಾಮಿ ಸಾಗಿಹೋದ ದಾರಿಯನ್ನೇ ತಪ್ಪದೆ ಹಿಂಬಾಲಿಸಿತು. ಎಂಜಿನ್ ನಿಲ್ಲಿಸಿದ ಮೇಲೆ, ಉಳಿದಿದ್ದ ನೀರಿನ ಕದಲಿಕೆಯಷ್ಟರಿಂದ. ಮೀಸೆಯನ್ನು ಮುಸುಕಿನಿಂದ ಮುಚ್ಚಿದಾಗ ದಾರಿ ಸಿಗಲಿಲ್ಲ. ನೀರುನಾಯಿ ಸೀಲ್ ಅಲ್ಲ ನಿಜ, ಆದರೆ ಕತ್ತಲ ನೀರಿನಲ್ಲಿ ಇದರ ಮೀಸೆಗೂ ಇಂಥದೇ ಕೆಲಸ.

ಎರಡನೆಯ ಆಯುಧ ಸಂಸಾರ. ಗಾಳದವನು ಒಂಟಿಯಾಗಿದ್ದಷ್ಟೂ ಒಳ್ಳೆಯದು. ನೀರುನಾಯಿಗೆ ಗುಂಪು ಬೇಕು. ತಾಯಿ, ತಂದೆ, ಹಿಂದಿನ ಸಲದ ಮರಿಗಳು, ಈ ಸಲದವು ಎಲ್ಲ ಸೇರಿ ನೀರಿಗಿಳಿದು, ಸೆಳವಿಗೆ ಎದುರಾಗಿ ಬಾಗಿದ ಸಾಲು ಕಟ್ಟುತ್ತವೆ. ಮೀನಿನ ಹಿಂಡು ಮುಂದೆ ಮುಂದೆ ಸರಿದು ದಂಡೆಗೋ ಬಂಡೆಗೋ ಒತ್ತಿಕೊಳ್ಳುತ್ತದೆ. ಆಮೇಲೆ ನೀರು ಕುದಿದಂತೆ ಏಳುತ್ತದೆ. ಸಣ್ಣ ಮೀನನ್ನು ಈಜುತ್ತಲೇ ತಿಂದು ಮುಗಿಸುತ್ತವೆ. ದೊಡ್ಡದಾದರೆ ಬಾಯಲ್ಲಿ ಕಚ್ಚಿ ದಂಡೆಗೆ ತಂದು, ತಲೆಯ ಕಡೆಯಿಂದ ಶುರುಮಾಡುತ್ತವೆ. ಬಾಂಗ್ಲಾದೇಶದ ನೈಋತ್ಯ ಭಾಗದ ಬೆಸ್ತರು ಈ ಅಟ್ಟುವ ಗುಣವನ್ನೇ ಪಳಗಿಸಿಕೊಂಡಿದ್ದರು: ಇದೇ ಜಾತಿಯ ನೀರುನಾಯಿಗಳನ್ನು ಸಾಕಿ, ದೋಣಿಗೆ ಕಟ್ಟಿದ ಗಳಕ್ಕೆ ಹಗ್ಗದಿಂದ ಬಿಗಿದು, ಮೀನನ್ನು ಬಲೆಯತ್ತ ಓಡಿಸಲು ಬಿಡುತ್ತಿದ್ದರು. ಮರಿಗಳನ್ನು ಕಟ್ಟುತ್ತಿರಲಿಲ್ಲ, ತಾಯಿಯನ್ನು ಬಿಟ್ಟು ಅವು ಎಲ್ಲಿಗೂ ಹೋಗುವುದಿಲ್ಲ.

ಇಷ್ಟು ಕೇಳಿದರೆ ಇದು ಪೂರ್ತಿ ನೀರಿನ ಜೀವ ಅನ್ನಿಸೀತು. ನನಗಂತೂ ಇದನ್ನು ದಂಡೆಯ ಪ್ರಾಣಿ ಎನ್ನುವುದೇ ಸರಿ ಎನಿಸುತ್ತದೆ. ಕಾರಣ ಅದರ ಮೈ ಬಿಸಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ಎಳೆದುಕೊಳ್ಳುತ್ತದೆ. ಸೀಲ್, ತಿಮಿಂಗಿಲಗಳಿಗೆ ಚರ್ಮದ ಕೆಳಗೆ ದಪ್ಪ ಕೊಬ್ಬಿದೆ. ನೀರುನಾಯಿಗೆ ಅದಿಲ್ಲ, ತುಪ್ಪಳವೊಂದೇ ಕಂಬಳಿ. ಮೇಲೆ ನೀರು ಜಾರಿಸುವ ಕೂದಲು, ಕೆಳಗೆ ಒತ್ತಾದ ಮೃದು ಪದರ. ಎರಡರ ನಡುವೆ ಸಿಕ್ಕಿಬಿದ್ದ ಗಾಳಿಯೇ ಚಳಿ ತಡೆಯುವುದು. ಈ ಗಾಳಿ ಉಳಿಯಬೇಕಾದರೆ ತುಪ್ಪಳ ಚೊಕ್ಕಟವಾಗಿರಬೇಕು. ಆದ್ದರಿಂದ ನೀರಿನಿಂದ ಎದ್ದೊಡನೆ ಉಸುಕಿನಲ್ಲಿ ಹೊರಳುವುದು, ಮೈ ಉಜ್ಜುವುದು, ನೆಕ್ಕುವುದು, ಬಂಡೆಯ ಮೇಲೆ ಬಿಸಿಲಿಗೆ ಒರಗುವುದು ನಡೆಯುತ್ತದೆ. ನೋಡುವವರಿಗೆ ಅದು ಆಟ. ಅದಕ್ಕೆ ಊಟದಷ್ಟೇ ಮುಖ್ಯವಾದ ಕೆಲಸ. ಕಳೆದ ಶಾಖವನ್ನು ತುಂಬಿಕೊಳ್ಳಲು ದೊಡ್ಡ ನೀರುನಾಯಿಗೆ ದಿನಕ್ಕೆ ಸುಮಾರು ಒಂದು ಕಿಲೋ ಮೀನು ಬೇಕು. ಬೆಳಿಗ್ಗೆಯ ಬೇಟೆಗೆ ಹೊರಟ ಗುಂಪನ್ನು ಎರಡು ಹರಿಗೋಲು, ಒಂದು ಡ್ರೋನು ಬೆದರಿಸಿ ಓಡಿಸಿದರೆ ಅದರ ಅವತ್ತಿನ ಲೆಕ್ಕ ತಪ್ಪಿತೆಂದೇ ಅರ್ಥ.

ದಂಡೆಯಲ್ಲಿ ಇನ್ನೂ ಎರಡು ಬೇಕು. ಒಂದು ಬಿಲ. ಸುಮಾರು ಅರವತ್ತು ದಿನ ಬಸುರಿದ್ದು ತಾಯಿ ಹಾಕುವ ಎರಡರಿಂದ ಐದು ಮರಿಗಳು ಕಣ್ಣು ಬಿಟ್ಟಿರುವುದಿಲ್ಲ. ಬಂಡೆಯ ಪೊಟರೆ, ಮರದ ಬೇರಿನ ಬುಡ, ಇಲ್ಲವೇ ದಟ್ಟ ಜೊಂಡಿನ ಒಳಗೆ ಅವು ಬೆಳೆಯಬೇಕು. ಭಾರತದಲ್ಲಿ ಮರಿಗಳು ಹೆಚ್ಚಾಗಿ ಕಾಣುವುದು ಚಳಿಗಾಲದಲ್ಲಿ, ಅಂದರೆ ದಂಡೆಗೆ ಜನ ಕಿಕ್ಕಿರಿಯುವ ತಿಂಗಳುಗಳಲ್ಲೇ. ಮರಿಗಳಿಗೆ ಈಜು ಹುಟ್ಟಿನಿಂದ ಬರುವುದಿಲ್ಲ. ಮೊದಮೊದಲು ನೀರೆಂದರೆ ಹಿಂದೇಟು. ತಾಯಿ ಕತ್ತು ಕಚ್ಚಿಕೊಂಡು ಇಳಿಸಿ ಕಲಿಸುತ್ತಾಳೆ, ಅಪ್ಪ ಮೀನು ತಂದುಕೊಡುತ್ತಾನೆ. ಇನ್ನೊಂದು, ಗುಂಪಿಗೆಲ್ಲ ಸೇರಿ ಒಂದು ಕಕ್ಕಸಿನ ಬಂಡೆ. ಬೇಟೆಯ ಜಾಗದ ಹತ್ತಿರ ಎತ್ತರದ ಕಲ್ಲೋ ಉಸುಕಿನ ದಿಬ್ಬವೋ ಗೊತ್ತುಮಾಡಿ ಎಲ್ಲವೂ ಅಲ್ಲೇ ಹಿಕ್ಕೆ ಹಾಕಿ, ಅದರ ಮೇಲೆ ಹೊರಳುತ್ತವೆ. ಕಪ್ಪಗೆ ಒಣಗಿದ, ಮೀನಿನ ಪೊರೆ ಮುಳ್ಳುಗಳಿಂದ ತುಂಬಿದ, ಗಬ್ಬು ನಾರುವ ಆ ಗುಪ್ಪೆಯಲ್ಲಿ ಪಕ್ಕದ ಗುಂಪಿಗೆ ಬೇಕಾದ ಸುದ್ದಿಯೆಲ್ಲ ಇದೆ: ಈ ಮಡು ಯಾರದು, ಯಾರು ಬೆದೆಗೆ ಬಂದಿದ್ದಾರೆ, ಯಾವಾಗ ಬಂದು ಹೋದರು.

2015ರಲ್ಲಿ ರಾಜ್ಯ ಸರ್ಕಾರ ಮುದ್ಲಾಪುರದಿಂದ ಕಂಪ್ಲಿಯವರೆಗೆ ಹೊಳೆಯ 34 ಕಿಲೋಮೀಟರ್ ಉದ್ದವನ್ನು ತುಂಗಭದ್ರಾ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಇದು ಅಭಯಾರಣ್ಯವಲ್ಲ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿ ಈ ಬಗೆಯ ಮೀಸಲಿಗೆ ದಾರಿ ಮಾಡಿತು: ಸರ್ಕಾರದ ಜಾಗದಲ್ಲಷ್ಟೇ ಮಾಡಬಹುದು, ಅಲ್ಲಿ ಬದುಕುವವರ ಹಕ್ಕು ಹಾಗೇ ಉಳಿಯುತ್ತದೆ. ಹಾಗಾಗಿ ಅಂಬಿಗರೂ ಗಾಳದವರೂ ಎಲ್ಲಿಗೂ ಹೋಗಬೇಕಿಲ್ಲ. ಇದು ಒಳ್ಳೆಯ ಏರ್ಪಾಡೇ. ತೊಡಕೆಂದರೆ ಮೀಸಲು ಹೊಳೆಯ ಪಾತ್ರಕ್ಕೆ ಸೇರಿದ್ದು, ನೀರುನಾಯಿಗೆ ಬೇಕಾದ ದಂಡೆಯ ಎಷ್ಟೋ ಭಾಗ ಹೊಲಗಳ ಅಂಚು. ಉಳುಮೆ ನೀರಿನ ಅಂಚಿನವರೆಗೂ ಬಂದರೆ, ಜೊಂಡಿಗೆ ಬೆಂಕಿ ಬಿದ್ದರೆ, ಉಸುಕು ಲಾರಿ ಹತ್ತಿದರೆ ಮಡುವಿನಲ್ಲಿ ಮೀನು ತುಂಬಿದ್ದೂ ಪ್ರಯೋಜನವಿಲ್ಲ. ನೀರುನಾಯಿ ಎಷ್ಟಿವೆ ಎಂದು ಕೇಳುವವರು ಬಹಳ. ಬಿಲ ಮಾಡಬಹುದಾದ ದಂಡೆ ಎಷ್ಟು ಉಳಿದಿದೆ ಎಂದು ಅಳೆಯುವುದು ಅದಕ್ಕಿಂತ ಉಪಯೋಗದ ಲೆಕ್ಕ.

ಜನಸಂದಣಿಯೊಂದೇ ಇದನ್ನು ಓಡಿಸುವುದಿಲ್ಲ ಎಂಬುದಕ್ಕೆ ಸಿಂಗಪುರ ಸಾಕ್ಷಿ. ಅಲ್ಲಿ ನದಿಗಳು ಕೊಳೆತು, ಇದೇ ಜಾತಿಯ ನೀರುನಾಯಿಗಳು 1970ರ ದಶಕದ ಹೊತ್ತಿಗೆ ಕಾಣೆಯಾಗಿದ್ದವು. ನೀರು ಶುದ್ಧವಾದ ಮೇಲೆ, 1990ರ ದಶಕದ ಕೊನೆಯಲ್ಲಿ ತಾವಾಗಿ ಮರಳಿದವು. ಈಗ ಗಗನಚುಂಬಿಗಳ ಬುಡದಲ್ಲಿ, ಸೇತುವೆಗಳ ಕೆಳಗಿನ ಸಂದಿಗಳಲ್ಲಿ ಸಂಸಾರ ಹೂಡಿವೆ. ಹೊರದೇಶದಿಂದ ಬಂದು ತುಂಬಿಕೊಂಡ, ನಮ್ಮ ಜಿಲೇಬಿ ಮೀನಿನ ಬಳಗದ ಮೀನುಗಳನ್ನೇ ಹೆಚ್ಚಾಗಿ ತಿನ್ನುತ್ತವೆ. ಅಲ್ಲಿ ಯಾರೂ ಕಲ್ಲು ಹೊಡೆಯುವುದಿಲ್ಲ, ಬಲೆ ಹರಿಯಿತೆಂದು ಬಡಿಗೆ ಎತ್ತುವುದಿಲ್ಲ ಎಂಬುದೂ ಸೇರಿಸಿ ಹೇಳಬೇಕು.

ಬಲೆಯ ಜಗಳ ಮಾತ್ರ ನಿಜವಾದದ್ದು. ರಾತ್ರಿ ಬಿಟ್ಟ ನೈಲಾನ್ ಬಲೆಯಲ್ಲಿ ಒದ್ದಾಡುವ ಮೀನು ನೀರುನಾಯಿಗೆ ಬಡಿಸಿಟ್ಟ ಊಟ. ಬಲೆ ಹರಿದರೆ ಬೆಸ್ತರ ದುಡಿಮೆಗೆ ಏಟು. ಸಿಟ್ಟಿನ ಹಿಂದೆ ಕಾರಣವಿದೆ. ತೋಟೆ ಸಿಡಿಸುವವರಿಗೆ ಆ ಕಾರಣವೂ ಇಲ್ಲ. ನೀರಿನಲ್ಲಿ ತೋಟೆ ಸಿಡಿಸುವುದನ್ನೂ ವಿಷ ಹಾಕುವುದನ್ನೂ 1897ರ ಮೀನುಗಾರಿಕೆ ಕಾಯ್ದೆಯಷ್ಟು ಹಿಂದೆಯೇ ಅಪರಾಧವೆಂದು ಬರೆಯಲಾಗಿದೆ. ಒಂದು ಸಿಡಿತಕ್ಕೆ ಮಡುವಿನ ಮೀನಿನ ಜೊತೆ ಅದರ ಮರಿ, ಮೊಟ್ಟೆಗಳೂ ಹೋಗುತ್ತವೆ. ಗಾಳದವನಿಗೂ ನೀರುನಾಯಿಗೂ ಆ ಮಡು ಆ ವರ್ಷಕ್ಕೆ ಮುಗಿಯಿತು.

ನೀರುನಾಯಿ ನೋಡಬೇಕೆನ್ನುವವರು ಸೂರ್ಯ ಏಳುವ ಹೊತ್ತಿಗೆ, ಹರಿಗೋಲುಗಳು ನೀರಿಗಿಳಿಯುವ ಮೊದಲೇ, ಆನೆಗೊಂದಿಯ ಕೆಳಗಿನ ಬಂಡೆಗಳಲ್ಲಿ ಗಾಳಿಗೆ ಎದುರಾಗಿ ಕೂರಬೇಕು. ಉಸುಕಿನಲ್ಲಿ ಐದು ಬೆರಳಿನ ಹೆಜ್ಜೆ, ನಡುವೆ ಬಾಲ ಎಳೆದ ಗೆರೆ ಕಂಡರೆ ಇತ್ತೀಚೆಗೆ ಬಂದು ಹೋಗಿವೆ. ಗುಂಪು ತನ್ನೊಳಗೆ ಸಿಳ್ಳೆ, ಚಿಲಿಪಿಲಿಯಲ್ಲಿ ಮಾತಾಡಿಕೊಳ್ಳುತ್ತದೆ. ಮನುಷ್ಯರು ಕಂಡರೆ ಒಂದೆರಡು ನೀರಿನಲ್ಲೇ ನೆಟ್ಟಗೆ ಎದ್ದು ನಿಂತು ದಿಟ್ಟಿಸಿ, ‘ಹ್ಹಾ’ ಎಂದು ಉಸಿರು ಬಿಡುತ್ತವೆ. ದೊಡ್ಡವು ಮತ್ತೆ ಮತ್ತೆ ಹಾಗೆ ಮಾಡುತ್ತಾ ಅಲ್ಲೇ ಸುತ್ತಾಡಿದರೆ ಹತ್ತಿರದಲ್ಲೇ ಮರಿಗಳಿರುವ ಸಂಭವ ಹೆಚ್ಚು. ಆಗ ಗಾಳ ಹಾಕಲು ಬಂದವರು ದಾರ ಸುತ್ತಿಕೊಂಡು ಕೆಳಗಿನ ಬಂಡೆಗೆ ಹೋಗುವುದು ಒಳ್ಳೆಯದು. ಹೇಗೂ ಅಷ್ಟು ಗದ್ದಲ ಎದ್ದ ಮಡುವಿನಲ್ಲಿ ಇನ್ನು ಬಹಳ ಹೊತ್ತು ಮೀನು ಕಚ್ಚುವುದಿಲ್ಲ.